ಬಿಜಿಎಂ ಬಗ್ಗೆ, ಟೈಟಲ್ ಬಗ್ಗೆ ಜಗಳ ಆಡುವುದು ಹೇಗೆ

ಒಂದೇ ಸಿನಿಮಾದ ಹಿನ್ನೆಲೆ ಸಂಗೀತ (ಬಿಜಿಎಂ) ಒಬ್ಬನಿಗೆ ಅದ್ಭುತ, ಇನ್ನೊಬ್ಬನಿಗೆ ತಲೆನೋವು. ಇಬ್ಬರೂ ಗಂಟಲು ಹರಿದುಕೊಳ್ಳುತ್ತಾರೆ. ಸ್ವಲ್ಪ ಕೆದಕಿ ನೋಡಿದರೆ ಇಬ್ಬರೂ ಮಾತಾಡುತ್ತಿರುವುದು ಬೇರೆ ಬೇರೆ ವಸ್ತುವಿನ ಬಗ್ಗೆ. ಒಬ್ಬ ಕೇಳಿದ್ದು ಥಿಯೇಟರಿನಲ್ಲಿ, ದೃಶ್ಯದ ಜೊತೆ. ಇನ್ನೊಬ್ಬ ಕೇಳಿದ್ದು ಇಯರ್‌ಫೋನಿನಲ್ಲಿ, ಆಲ್ಬಮ್ ಹಾಕಿಕೊಂಡು. ಹಾಗಾಗಿ ವಾದಕ್ಕೆ ಇಳಿಯುವ ಮುನ್ನ "ನೀನು ಕೇಳಿದ್ದು ಎಲ್ಲಿ?" ಅಂತ ಕೇಳಿಬಿಡಿ. ಎಷ್ಟೋ ಜಗಳ ಅಲ್ಲೇ ಮುಗಿಯುತ್ತದೆ. (ಮುಗಿಯುವುದು ಬೇಡ ಅನ್ನುವವರು ಈ ಪ್ಯಾರಾ ಓದಿಲ್ಲ ಅಂದುಕೊಳ್ಳಿ.)

ಇದು ಸಣ್ಣ ವ್ಯತ್ಯಾಸವಲ್ಲ. ‘ಬ್ಲೇಡ್ ರನ್ನರ್’ ತೆರೆಗೆ ಬಂದದ್ದು 1982ರಲ್ಲಿ. ಅದಕ್ಕೆ ವ್ಯಾಂಗೆಲಿಸ್ ಮಾಡಿದ ಸಂಗೀತದ ಅಧಿಕೃತ ಆಲ್ಬಮ್ ಹೊರಬಂದದ್ದು 1994ರಲ್ಲಿ. ಅಲ್ಲಿಯವರೆಗೆ ಜನ ಕೊಂಡುಕೊಂಡದ್ದು ಬೇರೆ ವಾದ್ಯವೃಂದ ನುಡಿಸಿದ ಆವೃತ್ತಿ. ಕೊನೆಗೆ ಬಂದ ಆಲ್ಬಮ್ಮಿನಲ್ಲೂ ಚಿತ್ರದ ಸಂಭಾಷಣೆಯ ತುಣುಕುಗಳನ್ನು ಬೆರೆಸಿದ್ದಾರೆ. ‘ಬ್ಲೇಡ್ ರನ್ನರ್ ಮ್ಯೂಸಿಕ್’ ಅಂತ ಮೂವರು ಮೂರು ಬೇರೆ ಬೇರೆ ಸರಕನ್ನು ಹೊಗಳಬಹುದು, ಮೂವರೂ ಸರಿಯೇ.

ಕೇಳುವ ಕ್ರಮಕ್ಕೆ ಬರೋಣ. ಇಡೀ ಸಿನಿಮಾ ಬೇಡ, ಜಗಳಕ್ಕೆ ಕಾರಣವಾದ ಒಂದು ದೃಶ್ಯ ಸಾಕು. ಮೊದಲು ಇದ್ದ ಹಾಗೇ ನೋಡಿ. ಆಮೇಲೆ ಮ್ಯೂಟ್ ಮಾಡಿ ನೋಡಿ. ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ. ನಮ್ಮ ಭಾವನ ಜೊತೆ ನಾನು ಇದನ್ನು ಮಾಡುತ್ತಲೇ ಇರುತ್ತೇನೆ. "ಭಾವ, ರಿಮೋಟ್ ಇತ್ತ ಕೊಡಿ, ಒಂದ್ಸಲ ಮ್ಯೂಟಲ್ಲಿ ನೋಡೋಣ" ಅಂದರೆ "ನಿಂದೊಳ್ಳೆ ಕಾಟ ಕಣಯ್ಯ" ಅಂತ ಗೊಣಗುತ್ತಲೇ ಕೊಡುತ್ತಾರೆ. ಮ್ಯೂಟ್ ಮಾಡಿದಾಗ ದೃಶ್ಯ ಸತ್ತುಹೋದರೆ ಸಂಗೀತ ದುಡಿಯುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ಅದು ಬರೀ ಅಲಂಕಾರಕ್ಕಿತ್ತು. ಎಷ್ಟೋ ಮಾಸ್ ಎಂಟ್ರಿ ಸೀನುಗಳು ಮ್ಯೂಟಿನಲ್ಲಿ ಬರೀ ಒಬ್ಬ ಮನುಷ್ಯ ನಿಧಾನಕ್ಕೆ ನಡೆದು ಬರುವ ದೃಶ್ಯಗಳು. ಹಾಗೆಂದು ಅದನ್ನು ಆಡಿಕೊಳ್ಳಬೇಡಿ, ಅಲ್ಲಿ ಅರ್ಧ ಹೀರೋ ಮ್ಯೂಸಿಕ್ ಡೈರೆಕ್ಟರೇ.

ಇನ್ನೊಂದು ಕೆಲಸ ಇದಕ್ಕಿಂತ ಮುಖ್ಯ: ಸಂಗೀತ ಎಲ್ಲೆಲ್ಲಿ ಇಲ್ಲ ಅಂತ ಗುರುತು ಹಾಕಿಕೊಳ್ಳಿ. ಶಾರ್ಕ್ ದಾಳಿಯ ಚಿತ್ರ ‘ಜಾಸ್’ (1975) ಬಗ್ಗೆ "ಎರಡೇ ಸ್ವರ, ಇದಕ್ಕೆ ಆಸ್ಕರ್ ಬೇರೆ ಕೊಟ್ಟರು" ಅನ್ನುವವರು ಇದ್ದಾರೆ. ಎರಡೇ ಸ್ವರದಿಂದ ಶುರುವಾಗುತ್ತದೆ, ನಿಜ. ತಗ್ಗು ಸ್ಥಾಯಿಯ ತಂತಿವಾದ್ಯಗಳಲ್ಲಿ ನಿಧಾನಕ್ಕೆ ಹೊರಟು ವೇಗ ಹಿಡಿಯುತ್ತದೆ. ಚಿತ್ರೀಕರಣದಲ್ಲಿ ಯಾಂತ್ರಿಕ ಶಾರ್ಕ್ ಪದೇ ಪದೇ ಕೆಟ್ಟು ಕೂತದ್ದರಿಂದ ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ತೋರಿಸುವುದನ್ನೇ ಕಡಿಮೆ ಮಾಡಬೇಕಾಯಿತು. ಆ ಖಾಲಿ ಜಾಗದಲ್ಲಿ ಜಾನ್ ವಿಲಿಯಮ್ಸ್ ಅವರ ಸ್ವರಗಳೇ ಶಾರ್ಕ್ ಆಗಿ ಈಜುತ್ತವೆ. ಈಗ ಕಡಲತೀರದ ಆ ಕುಚೇಷ್ಟೆಯ ದೃಶ್ಯ ನೋಡಿ. ನೀರಿನ ಮೇಲೆ ರೆಕ್ಕೆ ಕಾಣುತ್ತದೆ, ಜನ ಒಬ್ಬರನ್ನೊಬ್ಬರು ತುಳಿದುಕೊಂಡು ದಡಕ್ಕೆ ಓಡುತ್ತಾರೆ, ಕೊನೆಗೆ ನೋಡಿದರೆ ರಟ್ಟಿನ ರೆಕ್ಕೆ ಹಿಡಿದ ಇಬ್ಬರು ಹುಡುಗರು. ಅಷ್ಟು ಹೊತ್ತೂ ಆ ಎರಡು ಸ್ವರ ಬರುವುದೇ ಇಲ್ಲ. ಸುಳ್ಳು ಶಾರ್ಕ್‌ಗೆ ಸಂಗೀತವಿಲ್ಲ! ಸಿನಿಮಾ ಪ್ರೇಕ್ಷಕನಿಗೆ ಮೋಸ ಮಾಡಲಿಲ್ಲ, ನಾವೇ ಕಿವಿಗೊಡಲಿಲ್ಲ. "ಎರಡೇ ಸ್ವರ" ಅನ್ನುವವರಿಗೆ ಈ ದೃಶ್ಯ ಹಾಕಿ ತೋರಿಸಿ, ಬಾಯಲ್ಲಿ ವಾದ ಮಾಡುವುದಕ್ಕಿಂತ ವಾಸಿ.

ಬೈಯುವುದಿದ್ದರೆ ಸರಿಯಾದವರನ್ನು ಬೈಯಿರಿ. ಡೈಲಾಗ್ ಕೇಳಿಸದಷ್ಟು ಜೋರಾಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಮಿಕ್ಸಿಂಗನ್ನು (ಮಾತು, ಸಂಗೀತ, ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸ), ಟ್ಯೂನನ್ನಲ್ಲ. ನಮ್ಮ ಚಿತ್ರಗಳಲ್ಲಿ ಹಾಡುಗಳಿಗೊಬ್ಬರು, ಹಿನ್ನೆಲೆ ಸಂಗೀತಕ್ಕೆ ಇನ್ನೊಬ್ಬರು ಇರುವುದೂ ಉಂಟು, ಟೈಟಲ್ ಕಾರ್ಡ್ ಓದದೆ ಬಾಯಿ ಬಿಡಬೇಡಿ. ಎಡಿಟಿಂಗ್ ಹೊತ್ತಿನಲ್ಲಿ ತಾತ್ಕಾಲಿಕವಾಗಿ ಹಾಕಿಕೊಳ್ಳುವ ಟೆಂಪ್ ಟ್ರ್ಯಾಕ್ ಅನ್ನೋದೂ ಒಂದಿದೆ. ನಿರ್ದೇಶಕರು ಅದನ್ನೇ ಕೇಳಿ ಕೇಳಿ ಅದಕ್ಕೇ ಒಗ್ಗಿಹೋಗುತ್ತಾರೆ, ಆಮೇಲೆ "ಇದೇ ಥರ ಬೇಕು" ಅನ್ನುತ್ತಾರೆ. ‘2001: ಎ ಸ್ಪೇಸ್ ಒಡಿಸ್ಸಿ’ಗೆ (1968) ಅಲೆಕ್ಸ್ ನಾರ್ತ್ ಸಂಗೀತ ಬರೆದು ರೆಕಾರ್ಡ್ ಕೂಡ ಮಾಡಿದ್ದರು. ನಿರ್ದೇಶಕ ಕುಬ್ರಿಕ್ ಅದನ್ನು ಬಿಟ್ಟು, ಟೆಂಪ್ ಟ್ರ್ಯಾಕ್ ಆಗಿ ಹಾಕಿಕೊಂಡಿದ್ದ ಶಾಸ್ತ್ರೀಯ ಕೃತಿಗಳನ್ನೇ ಉಳಿಸಿಕೊಂಡರು. ನಾರ್ತ್‌ಗೆ ಇದು ಗೊತ್ತಾದದ್ದು ಸಿನಿಮಾ ನೋಡಲು ಕೂತಾಗ. ‘ಸೈಕೋ’ದಲ್ಲಿ (1960) ಆದದ್ದು ಇದರ ತದ್ವಿರುದ್ಧ. ಶವರ್ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದರು ನಿರ್ದೇಶಕ ಹಿಚ್‌ಕಾಕ್, ಬರ್ನಾರ್ಡ್ ಹರ್ಮನ್ ಮಾತು ಕೇಳದೆ ಬರೆದರು, ಕೇಳಿಸಿಕೊಂಡ ಮೇಲೆ ಹಿಚ್‌ಕಾಕ್ ಒಪ್ಪಿದರು.

‘ಕಾಪಿ’ ಅನ್ನುವ ಆರೋಪಕ್ಕೂ ಅವಸರ ಬೇಡ. ‘ಗಾಡ್‌ಫಾದರ್’ (1972) ಸಂಗೀತಕ್ಕೆ ಸಿಕ್ಕಿದ್ದ ಆಸ್ಕರ್ ನಾಮನಿರ್ದೇಶನವನ್ನು ವಾಪಸ್ ಪಡೆದರು. ನೀನೊ ರೋಟಾ ಅದರ ಒಂದು ಧಾಟಿಯನ್ನು 1958ರ ಇಟಾಲಿಯನ್ ಚಿತ್ರವೊಂದರಲ್ಲಿ ಆಗಲೇ ಬಳಸಿದ್ದರು ಅನ್ನುವುದು ಕಾರಣ. ಆ ಚಿತ್ರದ ಸಂಗೀತವೂ ಅವರದೇ. ತಮ್ಮದನ್ನೇ ತಾವು ಎತ್ತಿಕೊಂಡರೆ ಅದು ಕಳ್ಳತನವೇ? ನನ್ನ ಪ್ರಕಾರ ಅಲ್ಲ. ಎರಡನೇ ಭಾಗಕ್ಕೆ ಅವರಿಗೆ ಆಸ್ಕರ್ ಬಂತು, ಅದರಲ್ಲೂ ಹಳೆಯ ಧಾಟಿ ಇತ್ತು.

ಟೈಟಲ್ ಜಗಳ ಇಷ್ಟು ಕಷ್ಟದ್ದಲ್ಲ, ಆದರೆ ಇದರಲ್ಲಿ ಜನ ಹೆಚ್ಚು ಮೊಂಡು. ಸಿನಿಮಾ ಗೆದ್ದ ಮೇಲೆ ಎಂಥಾ ಹೆಸರೂ ಹೊಂದಿಕೊಂಡಂತೆ ಕಾಣುತ್ತದೆ, ಸೋತ ಮೇಲೆ ತಪ್ಪೆಲ್ಲ ಹೆಸರಿನದೇ. ಹಾಗಾಗಿ ನಿಮ್ಮ ಅಭಿಪ್ರಾಯವನ್ನೂ ನಂಬಬೇಡಿ, ಎದುರಿನವನದ್ದನ್ನೂ ನಂಬಬೇಡಿ. ಆ ಸಿನಿಮಾ ನೋಡೇ ಇರದವರಿಗೆ ಹೆಸರು ಮಾತ್ರ ಹೇಳಿ "ಇದು ಎಂಥಾ ಸಿನಿಮಾ ಇರಬಹುದು?" ಅಂತ ಕೇಳಿ. ಉತ್ತರ ಸಿನಿಮಾದ ಹತ್ತಿರ ಬಂದರೆ ಟೈಟಲ್ ಜನರನ್ನು ಕರೆಯುವ ಕೆಲಸ ಮಾಡುತ್ತಿದೆ. ಬರದಿದ್ದರೆ, ನೋಡಿ ಮುಗಿಸಿದವರನ್ನು ಬೇರೆಯಾಗಿ ಕೇಳಿ. ಕೆಲವು ಹೆಸರುಗಳು ನೋಡಿದ ಮೇಲಷ್ಟೇ ಬಿಚ್ಚಿಕೊಳ್ಳುತ್ತವೆ, ಅಂಥವುಗಳನ್ನು ಪೋಸ್ಟರ್ ಮುಂದೆ ನಿಂತು ಅಳೆಯಬಾರದು.

2014ರ ‘ಎಡ್ಜ್ ಆಫ್ ಟುಮಾರೊ’ ಇದಕ್ಕೆ ಒಳ್ಳೆಯ ಸರಕು. ಅದರ ಮೂಲ ಜಪಾನಿ ಕಾದಂಬರಿಯ ಹೆಸರು ‘ಆಲ್ ಯು ನೀಡ್ ಈಸ್ ಕಿಲ್’. ಮನೆಯಲ್ಲಿ ನೋಡುವ ಡಿಸ್ಕ್ ಬಂದಾಗ ಮುಖಪುಟದಲ್ಲಿ ‘ಲಿವ್ ಡೈ ರಿಪೀಟ್’ ಅನ್ನುವ ಅಡಿಬರಹವೇ ದೊಡ್ಡದಾಗಿತ್ತು, ಅಸಲಿ ಹೆಸರು ಚಿಕ್ಕದಾಗಿತ್ತು. ಸತ್ತು ಸತ್ತು ಅದೇ ದಿನಕ್ಕೆ ಮರಳುವ ಕಥೆಗೆ ಅಡಿಬರಹವೇ ವಾಸಿ ಅಂತ ನಾನು, ಅದು ಗೇಮಿನ ಹೆಸರಿದ್ದ ಹಾಗಿದೆ ಅಂತ ಭಾವ.

ಸಂಗೀತ, ಟೈಟಲ್ ಎರಡನ್ನೂ ಒಂದೇ ಸಲ ಕೂತು ಅಭ್ಯಾಸ ಮಾಡಬೇಕು ಅನ್ನುವವರು 1987ರ ‘ಪುಷ್ಪಕ ವಿಮಾನ’ ಹಾಕಿಕೊಳ್ಳಿ. ಸಿಂಗೀತಂ ಶ್ರೀನಿವಾಸ ರಾವ್ ಅವರ ಈ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ, ಹಾಗಾಗಿ ಎಲ್. ವೈದ್ಯನಾಥನ್ ಅವರ ಸಂಗೀತಕ್ಕೆ ಬಚ್ಚಿಟ್ಟುಕೊಳ್ಳಲು ಜಾಗವೂ ಇಲ್ಲ. ಎಲ್ಲಿ ಅದು ಡೈಲಾಗಿನ ಕೆಲಸ ಮಾಡುತ್ತದೆ, ಎಲ್ಲಿ ಸುಮ್ಮನಾಗಿ ಬರೀ ಸದ್ದುಗಳಿಗೆ ದಾರಿ ಬಿಡುತ್ತದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಹೆಸರಿನ ಪಂಚಾಯಿತಿ ಆಮೇಲೆ: ಕನ್ನಡದಲ್ಲಿ ‘ಪುಷ್ಪಕ ವಿಮಾನ’, ಹಿಂದಿಯಲ್ಲಿ ‘ಪುಷ್ಪಕ್’, ಮಾತೇ ಇಲ್ಲದ ಅದೇ ಚಿತ್ರ ತಮಿಳಿನಲ್ಲಿ ‘ಪೇಸುಂ ಪಡಂ’, ಅಂದರೆ ಮಾತಾಡುವ ಚಿತ್ರ. ನನ್ನ ಓಟು ತಮಿಳಿನದಕ್ಕೆ. ಭಾವ ಮಾತ್ರ ಕನ್ನಡದ್ದನ್ನು ಬಿಟ್ಟುಕೊಡುವುದಿಲ್ಲ.