ಅಟ್ಟದಲ್ಲಿ ಸಿಕ್ಕ ಮೆಕ್ಯಾನೋ ಡಬ್ಬಿ: ಮತ್ತೆ ಶುರು ಮಾಡೋದು ಹೇಗೆ

ಅಟ್ಟ ಕ್ಲೀನ್ ಮಾಡುವಾಗ ನನ್ನ ಹಳೇ ಮೆಕ್ಯಾನೋ ಡಬ್ಬಿ ಸಿಕ್ತು, ಅದೇ ತೂತಿರೋ ಲೋಹದ ಪಟ್ಟಿಗಳನ್ನ ನಟ್ಟು ಬೋಲ್ಟು ಹಾಕಿ ಸೇರಿಸಿ ಮಾಡೆಲ್ ಕಟ್ಟೋ ಆಟಿಕೆ. ಮುಚ್ಚಳ ತೆಗೆದ ಕೂಡ್ಲೇ ಮಿಷನ್ ಎಣ್ಣೆ, ಕಬ್ಬಿಣ ಎರಡೂ ಸೇರಿದ ಆ ವಾಸನೆ ಮೂಗಿಗೆ ಬಡೀತು ನೋಡಿ, ಕೆಲಸ ಬಿಟ್ಟು ಅಲ್ಲೇ ಕೂತ್ಬಿಟ್ಟೆ. ಅವತ್ತು ರಾತ್ರೀನೇ ಆನ್‌ಲೈನಲ್ಲಿ ಸೆಟ್‌ಗಳನ್ನ ಹುಡುಕಿ ತರಿಸೋಕೆ ಶುರು ಮಾಡಿದೆ, ಅದು ತಪ್ಪು ಅಂತ ಈಗ ಗೊತ್ತಾಗಿದೆ. ಹಾಗಾಗಿ ಮೊದಲನೇ ಮಾತು ಇದೇ, ಏನೂ ಕೊಳ್ಳೋಕೆ ಮುಂಚೆ ಇರೋ ಸಾಮಾನಲ್ಲೇ ಒಂದು ಮಾಡೆಲ್ ಕಟ್ಟಿ. ಚಿಕ್ಕ ಕ್ರೇನ್ ಆದ್ರೂ ಸಾಕು. ಕಟ್ಟೋವಾಗ ಯಾವ ಪಾರ್ಟ್ ಇಲ್ಲ ಅಂತ ಕೈ ತಡಕಾಡುತ್ತೋ ಅದೇ ನಿಮ್ಮ ಖರೀದಿ ಪಟ್ಟಿ.

ಆಮೇಲೆ ನಿಮ್ಮ ಡಬ್ಬಿ ಯಾವ ಕಾಲದ್ದು ಅಂತ ಪತ್ತೆ ಮಾಡ್ಕೊಳ್ಳಿ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ತನ್ನ ಮಕ್ಕಳಿಗೋಸ್ಕರ ತಗಡು ಕತ್ತರಿಸಿ, ತೂತು ಕೊರೆದು ಮಾಡಿದ ಆಟಿಕೆ ಇದು, 1901ರಲ್ಲಿ ಪೇಟೆಂಟ್ ಆಯ್ತು, ಮೆಕ್ಯಾನೋ ಅನ್ನೋ ಹೆಸರು ಬಂದಿದ್ದು 1907ರಲ್ಲಿ. ಕಾಲ ಯಾವುದು ಅಂತ ಬಣ್ಣ ನೋಡಿದ್ರೆ ಬಹುಮಟ್ಟಿಗೆ ಗೊತ್ತಾಗುತ್ತೆ. 1926ಕ್ಕೆ ಮುಂಚಿನವು ಬಹುಪಾಲು ಬಣ್ಣ ಇಲ್ಲದ ನಿಕಲ್ ಪಾಲಿಶ್, ಆಮೇಲೆ ಕೆಂಪು ಹಸಿರು, 1934ರಲ್ಲಿ ನೀಲಿ ಪ್ಲೇಟಿನ ಮೇಲೆ ಚಿನ್ನದ ಬಣ್ಣದ ಅಡ್ಡಗೆರೆ, ಎರಡನೇ ಮಹಾಯುದ್ಧ ಮುಗಿದ ಮೇಲೆ ತಿರುಗಾ ಕೆಂಪು ಹಸಿರು, 1964ರಲ್ಲಿ ಹಳದಿ, ಕಪ್ಪು, ಬೆಳ್ಳಿ ಬಣ್ಣ, 1970ರಲ್ಲಿ ಹಳದಿ, ನೀಲಿ, ಜಿಂಕ್. ಲಿವರ್‌ಪೂಲ್ ಫ್ಯಾಕ್ಟರಿ 1979ರಲ್ಲಿ ಮುಚ್ಚಿತು, ಫ್ರಾನ್ಸಿನ ಕ್ಯಾಲೆಯಲ್ಲಿ ತಯಾರಿಕೆ ಮುಂದುವರೀತು. ನನ್ನ ಸಲಹೆ ಏನಂದ್ರೆ ನೀವು ಚಿಕ್ಕಂದಿನಲ್ಲಿ ಆಡಿದ ಬಣ್ಣ ಯಾವುದೋ ಅದೊಂದನ್ನೇ ಹಿಡ್ಕೊಳ್ಳಿ. ಎಲ್ಲಾ ಕಾಲದ್ದೂ ಬೇಕು ಅಂತ ಹೊರಟ್ರೆ ಬೇರೆ ಬೇರೆ ಬಣ್ಣದ ಪಟ್ಟಿಗಳು ಬೆರೆತು, ಕಟ್ಟಿದ ಮಾಡೆಲ್ ತೇಪೆ ಹಾಕಿದ ಹಾಗೆ ಕಾಣುತ್ತೆ, ದುಡ್ಡೂ ಖಾಲಿ.

ಕೊಳ್ಳೋವಾಗ ಸ್ಕೇಲ್ ಹತ್ರ ಇಟ್ಕೊಳ್ಳಿ. ಮೆಕ್ಯಾನೋ ತೂತಿಂದ ತೂತಿಗೆ ಅರ್ಧ ಇಂಚು, ಅಂದ್ರೆ 12.7 ಮಿಲಿಮೀಟರ್. ಹನ್ನೊಂದು ತೂತಿನ ಪಟ್ಟಿ ಇದೆಯಲ್ಲ, ಎರಡನೇ ನಂಬರ್ ಪಾರ್ಟ್, ಅದರ ಮೊದಲ ತೂತಿನ ಮಧ್ಯದಿಂದ ಕೊನೇ ತೂತಿನ ಮಧ್ಯಕ್ಕೆ ಸರಿಯಾಗಿ 127 ಮಿಲಿಮೀಟರ್ ಬರ್ಬೇಕು. ಬರ್ಲಿಲ್ಲ ಅಂದ್ರೆ ಬೇರೆ ಯಾರದ್ದೋ ಆಟಿಕೆಯ ಪಟ್ಟಿ, ನೋಡೋಕೆ ಒಂದೇ ಥರ ಇದ್ರೂ ಮಾಡೆಲ್ ಕಟ್ಟೋಕೆ ಕೂತಾಗ ತೂತುಗಳು ಸೇರೋದೇ ಇಲ್ಲ. ಮಾರೋರ ಹತ್ರ ಪಟ್ಟಿಯ ಮೇಲೆ ಒತ್ತಿರೋ ಹೆಸರಿನ ಅಚ್ಚು ಹತ್ತಿರದಿಂದ ಕಾಣೋ ಫೋಟೋ ಕೇಳಿ. ಅಕ್ಷರದೊಳಗೆ ಪೇಂಟ್ ತುಂಬ್ಕೊಂಡು ಅಚ್ಚು ಮಸುಕಾಗಿದ್ರೆ, ತೂತಿನ ಅಂಚಲ್ಲಿ ಬಣ್ಣ ದಪ್ಪಗೆ ಕೂತಿದ್ರೆ, ಯಾರೋ ಆಮೇಲೆ ಬಳಿದಿದ್ದು ಅಂತ ಅರ್ಥ. ಕಟ್ಟೋಕೆ ಆದ್ರೆ ಅದೂ ಪರವಾಗಿಲ್ಲ, ಆದ್ರೆ ಒರಿಜಿನಲ್ ರೇಟ್ ಕೊಡ್ಬೇಡಿ. ಹಿತ್ತಾಳೆ ಚಕ್ರ, ಗೇರು ಇದ್ರೆ ಮಧ್ಯದ ಗುಬುಟು ನೋಡಿ, ಅದರ ಚಿಕ್ಕ ಸ್ಕ್ರೂ ಇದೆಯಾ, ಅದರ ಮರೆ, ಅಂದ್ರೆ ಸ್ಕ್ರೂ ತಿರುಗೋ ಸುರುಳಿ ಗೆರೆ, ಸವೆದಿಲ್ಲ ತಾನೇ ಅಂತ. ಮರೆ ಹೋದ ಗೇರು ಆಕ್ಸಲ್ ಮೇಲೆ ಸುಮ್ನೆ ಜಾರ್ತಾ ಇರುತ್ತೆ.

ಈಗ ತುಕ್ಕು. ನಾನು ಮೊದಲ ದಿನ ಸ್ಯಾಂಡ್ ಪೇಪರ್ ಹಿಡಿದು ಒಂದು ಕೆಂಪು ಪ್ಲೇಟಿನ ಬಣ್ಣ ಅರ್ಧ ಕಿತ್ತು ಹಾಕಿದೆ, ಅದನ್ನ ನೋಡಿದಾಗೆಲ್ಲ ಈಗಲೂ ಹೊಟ್ಟೆ ಉರಿಯುತ್ತೆ. ಹಳೇ ಪೇಂಟಲ್ಲಿ ಸೀಸ ಇರೋ ಸಾಧ್ಯತೆಯೂ ಇದೆ, ಒಣಗಿದ ಪೇಂಟ್ ಉಜ್ಜಿ ಪುಡಿ ಎಬ್ಬಿಸಲೇಬೇಡಿ. ಬಣ್ಣದ ಪಾರ್ಟ್‌ಗಳನ್ನ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಮೆತ್ತನೆ ಬ್ರಷ್ಷಿಂದ ತೊಳೆದು ತಕ್ಷಣ ಒರೆಸಿ, ಹೇರ್ ಡ್ರೈಯರಿಂದ ಪೂರ್ತಿ ಒಣಗಿಸಿ, ಕೊನೆಗೆ ಬಟ್ಟೆಗೆ ಎರಡು ಹನಿ ಮಿಷನ್ ಎಣ್ಣೆ ಹಾಕಿ ಸವರಿ. ನಿಕಲ್ ಪಾಲಿಶಿನ ಪಾರ್ಟಿಗೆ ತುಂಬಾ ನಯವಾದ ಸ್ಟೀಲ್ ವುಲ್ ಎಣ್ಣೇಲಿ ಅದ್ದಿ ಹಗುರವಾಗಿ ಉಜ್ಜಬಹುದು. ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟು ಬೋಲ್ಟನ್ನ ಬಲವಂತ ಮಾಡ್ಬೇಡಿ, ಸೀಮೆಎಣ್ಣೇಲಿ ಒಂದು ರಾತ್ರಿ ನೆನೆಸಿಡಿ, ಬೆಳಿಗ್ಗೆ ಬಹುಮಟ್ಟಿಗೆ ತಾನಾಗೇ ಬಿಟ್ಕೊಳ್ಳುತ್ತೆ. ಸೊಟ್ಟಗಾದ ಪಟ್ಟೀನ ಎರಡು ಮರದ ತುಂಡಿನ ಮಧ್ಯ ಇಟ್ಟು ವೈಸಲ್ಲಿ ಒತ್ತಿ, ಸುತ್ತಿಗೆ ಏಟು ಬೇಡ.

ಹಳೇ ಎಲೆಕ್ಟ್ರಿಕ್ ಮೋಟರ್ ಸಿಕ್ಕಿದ್ರೆ ದಯವಿಟ್ಟು ನೇರ ಪ್ಲಗ್ಗಿಗೆ ಹಾಕ್ಬೇಡಿ. ವೈರಿನ ಮೇಲಿನ ಹೊದಿಕೆ ಒಣಗಿ ಬಿರುಕು ಬಿಟ್ಟಿರುತ್ತೆ, ಅದು ಎಷ್ಟು ವೋಲ್ಟಿಂದು ಅಂತ ತಿಳಿದವರಿಗೆ ತೋರಿಸಿ. ಅಲ್ಲಿವರೆಗೂ ಕೈಯಲ್ಲಿ ತಿರುಗಿಸೋ ಹಿಡಿಕೆನೇ ಚೆಂದ, ನಿಜ ಹೇಳ್ಬೇಕಂದ್ರೆ ನನಗೆ ಮೋಟರಿಗಿಂತ ಅದೇ ಇಷ್ಟ.

ಇನ್ನು ಕಟ್ಟೋಕೆ ಕೂತಾಗ. ಬೋಲ್ಟನ್ನ ನಟ್ಟಿಗೆ ಇಟ್ಟು ಮೊದಲು ಉಲ್ಟಾ ತಿರುಗಿಸಿ, ಬೆರಳ ತುದಿಗೆ ಟಿಕ್ ಅಂತ ಒಂದು ಸಣ್ಣ ಇಳಿತ ಗೊತ್ತಾಗುತ್ತೆ, ಅಲ್ಲಿಂದ ಸರಿ ದಿಕ್ಕಿಗೆ ತಿರುಗಿಸಿದ್ರೆ ಮರೆ ಅಡ್ಡ ಕೂರೋದೇ ಇಲ್ಲ. ಎಲ್ಲಾ ಬೋಲ್ಟನ್ನೂ ಸಡಿಲವಾಗೇ ಸೇರಿಸಿ, ಫ್ರೇಮ್ ಮೇಜಿನ ಮೇಲೆ ಅಲ್ಲಾಡದ ಹಾಗೆ ನಿಂತ ಮೇಲೆ ಒಂದೊಂದಾಗಿ ಬಿಗಿ ಮಾಡಿ. ಅಲ್ಲಾಡೋ ಕೀಲು ಬೇಕಾದ ಕಡೆ ಎರಡು ನಟ್ಟು ಹಾಕಿ ಒಂದನ್ನ ಇನ್ನೊಂದಕ್ಕೆ ಒತ್ತಿ ಬಿಗಿ ಮಾಡ್ಬೇಕು, ಆಗ ಕೀಲು ಸಲೀಸಾಗಿ ತಿರುಗುತ್ತೆ, ನಟ್ಟೂ ಕಳಚ್ಕೊಳ್ಳಲ್ಲ. ಇದನ್ನ ಚಿಕ್ಕಂದಿನಲ್ಲಿ ನನಗೆ ಯಾರೂ ಹೇಳ್ಕೊಟ್ಟಿರಲಿಲ್ಲ, ಕ್ರೇನಿನ ತೋಳು ಪ್ರತೀ ಸಲ ಕಳಚಿ ಬೀಳ್ತಿತ್ತು.

ಕ್ರೇನಿಗೆ ಭಾರ ಎತ್ತೋ ಶಕ್ತಿ ಬೇಕಂದ್ರೆ ಹಿಡಿಕೆಯ ಆಕ್ಸಲಿಗೆ 19 ಹಲ್ಲಿನ ಪಿನಿಯನ್ (ಚಿಕ್ಕ ಗೇರು), ದಾರ ಸುತ್ತೋ ಆಕ್ಸಲಿಗೆ 57 ಹಲ್ಲಿನ ಗೇರು ಹಾಕಿ. ಎರಡೂ ಆಕ್ಸಲ್ ಮಧ್ಯೆ ಎರಡು ತೂತಿನ ದೂರ, ಅಂದ್ರೆ ಒಂದು ಇಂಚು ಬಿಟ್ರೆ ಹಲ್ಲುಗಳು ಸರಿಯಾಗಿ ಕೂರುತ್ವೆ. ಹಿಡಿಕೆ ಮೂರು ಸುತ್ತು ತಿರುಗಿದ್ರೆ ದಾರ ಒಂದು ಸುತ್ತು. ಎಣ್ಣೆ ಒಂದೇ ಹನಿ, ಅದೂ ಆಕ್ಸಲ್ ತೂತಿಗೆ ಮಾತ್ರ. ತಿರುಗಿಸುವಾಗ ಒಂದು ಕಡೆ ಬಿಗಿ ಅನ್ಸಿದ್ರೆ ಪಕ್ಕದ ಪ್ಲೇಟಿನ ಬೋಲ್ಟುಗಳನ್ನ ಸಡಿಲ ಮಾಡಿ, ಹಿಡಿಕೆ ತಿರುಗಿಸ್ತಾನೇ ತಿರುಗಾ ಬಿಗಿ ಮಾಡಿ, ಆಕ್ಸಲ್ ತನ್ನ ಜಾಗ ತಾನೇ ಹುಡುಕ್ಕೊಳ್ಳುತ್ತೆ.