ಹಳೆಯ ಲ್ಯಾಪ್‌ಟಾಪ್‌ಗೆ ಬಾಳಿಕೆ ಬರುವ ನೆಟ್‌ವರ್ಕ್ ಕಾರ್ಡ್: ನನ್ನ ಅನುಭವ

ನನ್ನ ಹಳೆಯ ಲ್ಯಾಪ್‌ಟಾಪಿನ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟ್ ಕೆಟ್ಟ ಮೇಲೆ ಅದರ ಪಕ್ಕದ ಪಿಸಿ ಕಾರ್ಡ್ ಸ್ಲಾಟಿಗೆ ಹಾಕಿಕೊಂಡಿದ್ದ ನೆಟ್‌ವರ್ಕ್ ಕಾರ್ಡ್ ಕೆಲವೇ ತಿಂಗಳಲ್ಲಿ ಪದೇ ಪದೇ ಸಂಪರ್ಕ ಕಳೆದುಕೊಳ್ಳತೊಡಗಿತು. ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿದರೂ ಪ್ರಯೋಜನವಾಗಲಿಲ್ಲ. ಕಡೆಗೆ ಕಾರ್ಡಿಗೂ ಕೇಬಲಿಗೂ ಕೊಂಡಿಯಾಗಿ ಕಾರ್ಡಿನ ತುದಿಗೆ ಸಿಕ್ಕಿಸುವ ಗೇಣುದ್ದದ ಡಾಂಗಲ್ ವೈರನ್ನು ಬೆರಳಿನಿಂದ ತುಸು ಒತ್ತಿ ಹಿಡಿದಾಗ ಹಸಿರು ದೀಪ ಹೊತ್ತಿಕೊಂಡು, ಬಿಟ್ಟೊಡನೆ ಆರಿಹೋದದ್ದನ್ನು ಕಂಡು, ದೋಷವಿರುವುದು ಆ ತೆಳುವಾದ ಕನೆಕ್ಟರಿನಲ್ಲಿ ಎಂಬುದು ಖಚಿತವಾಯಿತು.

ಆದ್ದರಿಂದ ಈ ಬಾರಿ ಕೇಬಲನ್ನು ನೇರವಾಗಿ ಸಿಕ್ಕಿಸಬಹುದಾದ, ಆರ್‌ಜೆ-45 ಸಾಕೆಟ್ ತನ್ನ ಮೈಯಲ್ಲೇ ಇರುವ ಕಾರ್ಡನ್ನು ಹುಡುಕಿದೆ. ಅದು ಸ್ಲಾಟಿನಿಂದ ಹೊರಗೆ ಚಾಚಿಕೊಂಡಿರುವುದರಿಂದ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುವ ಮೊದಲು ಕಾರ್ಡನ್ನು ತೆಗೆಯಲೇಬೇಕು. ಆದರೂ ನನ್ನ ಮಟ್ಟಿಗೆ ಅದೇ ಮೇಲು. ಕೊಳ್ಳುವ ಮೊದಲು ಸ್ಲಾಟ್ ಯಾವುದೆಂದು ನೋಡಿಕೊಳ್ಳುವುದು ಅತ್ಯಗತ್ಯ. ಇಂಥ ಕಾರ್ಡುಗಳಲ್ಲಿ ಹಳೆಯ 16 ಬಿಟ್‌ನವೂ ನಂತರ ಬಂದ, ಹೆಚ್ಚು ವೇಗದ 32 ಬಿಟ್‌ನ ಕಾರ್ಡ್‌ಬಸ್ ಎಂಬವೂ ಇವೆ. ಕಾರ್ಡ್‌ಬಸ್ ಕಾರ್ಡಿನ ಕನೆಕ್ಟರ್ ಬಳಿ ಸಣ್ಣ ಉಬ್ಬುಗಳಿರುವ ಚಿನ್ನದ ಬಣ್ಣದ ಪಟ್ಟಿ ಇರುತ್ತದೆ. ಅದು ಹಳೆಯ 16 ಬಿಟ್ ಸ್ಲಾಟಿನೊಳಗೆ ಹೋಗುವುದಿಲ್ಲ, ಬಲವಂತವಾಗಿ ತಳ್ಳಿದರೆ ಒಳಗಿನ ಪಿನ್ನುಗಳು ಬಾಗಬಹುದು. ಆಮೇಲೆ ಬಂದ ಎಕ್ಸ್‌ಪ್ರೆಸ್‌ಕಾರ್ಡ್ ಬೇರೆಯೇ ಬಗೆಯದು, ಈ ಸ್ಲಾಟುಗಳಿಗೆ ಹೊಂದುವುದಿಲ್ಲ. ಯುಎಸ್‌ಬಿ ಅಡಾಪ್ಟರ್ ಸುಲಭವೆನಿಸಿದರೂ, ಯುಎಸ್‌ಬಿಯ ಹಳೆಯ 1.1 ಆವೃತ್ತಿ ಮಾತ್ರ ಇರುವ ಯಂತ್ರದಲ್ಲಿ ಅದರ ವೇಗ ಸೆಕೆಂಡಿಗೆ 12 ಮೆಗಾಬಿಟ್ ಮೀರದು.

ರಿಯಲ್‌ಟೆಕ್ 8139 ಚಿಪ್ಪಿಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲೇ ಡ್ರೈವರ್ ಇರುವುದರಿಂದ ಆ ಚಿಪ್ ಇರುವ ಕಾರ್ಡ್‌ಬಸ್ ಕಾರ್ಡನ್ನೇ ಆರಿಸಿಕೊಂಡೆ. ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ಅದನ್ನು ಗುರುತಿಸಿತು. ಈಗ ಕೇಬಲನ್ನು ಅಲುಗಾಡಿಸಿದರೂ ದೀಪ ಆರುವುದಿಲ್ಲ.