ಕಂಪೆನಿಗೆ ಮಂಗಳೂರು ವಿಳಾಸ ಬೇಡ, ಗಾಣದ ಕೊಟ್ಟಿಗೆಯೇ ಸಾಕು: ನನ್ನ ಅನುಭವ

"ಮಂಗಳೂರಿನಲ್ಲಿ ಒಂದು ವಿಳಾಸ ಇಲ್ಲದಿದ್ದರೆ ನಿಮ್ಮ ಎಣ್ಣೆ ಯಾರು ತಗೊಳ್ತಾರೆ?" ಎಂದು ಕೇಳದವರು ಕೇರಳದ ಗಡಿಯಲ್ಲಿರುವ ನಮ್ಮ ಪೆರ್ಲ ಪೇಟೆಯಲ್ಲಿ ಕಡಿಮೆ. ಈಗ ಅವರಲ್ಲೇ ಕೆಲವರು ಫೋನ್ ಮಾಡುತ್ತಾರೆ. "ನೀನು ಎಂತ ಮಾಡಿದ್ದು ಮಾರಾಯ, ಜಾಗದ ಆ ಒಪ್ಪಿಗೆ ಪತ್ರದ ಒಂದು ಫೋಟೊ ಕಳಿಸು" ಎನ್ನುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ, ಅದಕ್ಕೆ ಒಟ್ಟಿಗೆ ಬರೆಯುತ್ತಿದ್ದೇನೆ. ಜಿಎಸ್‌ಟಿ ಎಂದರೇನು, ಪ್ರೈವೇಟ್ ಲಿಮಿಟೆಡ್ ಎಂದರೇನು ಎಂದು ಹೇಳುವುದಿಲ್ಲ. ಅದು ನಿಮಗೂ ಗೊತ್ತು, ನಿಮ್ಮ ಆಡಿಟರಿಗೂ ಗೊತ್ತು.

ನಮ್ಮದು ಸಣ್ಣ ಕಂಪೆನಿ. ನಾನು ಮತ್ತು ಭಾವ, ಇಬ್ಬರೇ ಡೈರೆಕ್ಟರುಗಳು. ಮನೆ ಹಿಂದಿನ ಹಳೆಯ ಕೊಟ್ಟಿಗೆಯಲ್ಲಿ ಗಾಣ, ಅಲ್ಲಿಯೇ ಕೊಬ್ಬರಿ, ಅಲ್ಲಿಯೇ ಎಣ್ಣೆ. ಮಾಲಿನ ಮುಕ್ಕಾಲು ಪಾಲು ಗಡಿಯ ಸಾರಡ್ಕ ದಾಟಿ ಕರ್ನಾಟಕದ ವಿಟ್ಲ, ಪುತ್ತೂರು, ಮಂಗಳೂರು, ಬೆಂಗಳೂರಿಗೆ ಹೋಗುತ್ತದೆ. ಗಡಿಯ ಈಚೆಗೆ ಮಾರುವುದು ಸ್ವಲ್ಪವೇ. ಹಾಗಾಗಿ ವಿಳಾಸವೂ ಗಡಿಯಾಚೆಗೇ ಇರಲಿ ಎಂದು ಎಲ್ಲರೂ ಹೇಳಿದ್ದು ಸಹಜವೇ.

ಮೊದಲು ಅದನ್ನೇ ಮಾಡಿದೆವು. ಆಗ ಕಂಪೆನಿ ಆಗಿರಲಿಲ್ಲ, ಭಾವನ ಹೆಸರಲ್ಲಿ ವ್ಯಾಪಾರ. ಮಂಗಳೂರಿನಲ್ಲಿ ಒಂದು ಕಟ್ಟಡದ ಮೂರನೇ ಮಾಳಿಗೆಯಲ್ಲಿ ವಿಳಾಸ ಬಾಡಿಗೆಗೆ ಕೊಡುವವರು ಇದ್ದರು. ವರ್ಷಕ್ಕೆ ಹದಿನಾಲ್ಕೋ ಹದಿನೈದೋ ಸಾವಿರ, ಮುಂಗಡ. ಒಂದು ಮೇಜು, ಗೋಡೆಯಲ್ಲಿ ಐವತ್ತು ಅರವತ್ತು ಕಂಪೆನಿಗಳ ಹೆಸರಿನ ಚೀಟಿ. ಕರಾರು ಪತ್ರ, ಕರೆಂಟು ಬಿಲ್ಲು, ಎನ್‌ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ) ಎಲ್ಲ ಅವರೇ ಕೊಟ್ಟರು. ಜಿಎಸ್‌ಟಿ ನಂಬರಿಗೆ ಅರ್ಜಿ ಹಾಕಿದೆವು. ಸ್ಥಳ ನೋಡಲು ಅಧಿಕಾರಿ ಬಂದ ದಿನ ಅಲ್ಲಿದ್ದ ಹುಡುಗನಿಗೆ ನಮ್ಮ ಹೆಸರೇ ಗೊತ್ತಿಲ್ಲ. ನೋಟಿಸು ಬಂತು. ಉತ್ತರಕ್ಕೆ 7 ಕೆಲಸದ ದಿನ. ಉತ್ತರ ಕೊಟ್ಟೆವು, ಆದರೂ ಅರ್ಜಿ ಬಿತ್ತು. ಕೊಟ್ಟ ದುಡ್ಡು ಕೇಳಿದರೆ, ಕರಾರಿನಲ್ಲಿ ವಾಪಸ್ ಕೊಡುವ ಮಾತೇ ಇಲ್ಲ ಎಂದರು.

ಒಂದು ವೇಳೆ ಅದು ಪಾಸಾಗಿದ್ದರೂ ಪ್ರಯೋಜನ ಇರಲಿಲ್ಲ. ಎಣ್ಣೆ ಹೊರಡುವುದು ಪೆರ್ಲದಿಂದ. ಮಾಲು ಯಾವ ರಾಜ್ಯದಿಂದ ಹೊರಡುತ್ತದೋ ಆ ರಾಜ್ಯದ ಜಿಎಸ್‌ಟಿ ನಂಬರ್ ಬೇಕು. ನಮಗೆ 32ರಿಂದ ಶುರುವಾಗುವ ಕೇರಳದ ನಂಬರ್ ಬೇಕೇ ಬೇಕು, ಕರ್ನಾಟಕದ 29 ಇಟ್ಟುಕೊಂಡು ಸುಮ್ನೆ ಎರಡೆರಡು ರಿಟರ್ನ್ ಹಾಕುತ್ತಾ ಕೂರಬೇಕಿತ್ತು. ಇನ್ನೊಂದು ಮಾತು, ಗಡಿ ಊರಿನವರು ಇದನ್ನು ಮರೆಯುತ್ತಾರೆ: ವರ್ಷದ ವ್ಯಾಪಾರ ನಲವತ್ತು ಲಕ್ಷ ದಾಟುವ ತನಕ ರಿಜಿಸ್ಟ್ರೇಷನ್ ಬೇಡ ಎಂಬ ಮಿತಿ ನಮ್ಮಂಥವರಿಗೆ ಇಲ್ಲ. ತೆರಿಗೆ ಇರುವ ಮಾಲು ರಾಜ್ಯ ದಾಟಿದರೆ ಮೊದಲ ಬಾಟಲಿಗೇ ರಿಜಿಸ್ಟ್ರೇಷನ್ ಬೇಕು. ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ, ಕಾಂಪೊಸಿಷನ್, ಕೂಡ ಆಗುವುದಿಲ್ಲ. ಮಂಗಳೂರಿನ ಅಂಗಡಿಯವನಿಗೆ ಬಿಲ್ಲಿನಲ್ಲಿ ಐಜಿಎಸ್‌ಟಿ (ರಾಜ್ಯ ದಾಟುವ ಮಾಲಿನ ಜಿಎಸ್‌ಟಿ) ಇದ್ದರೆ ಎಂತ ತೊಂದರೆ? ಒಂದೂ ಇಲ್ಲ. ಅದೇ ಶೇಕಡ 5, ಅವನು ಕಟ್ಟುವ ತೆರಿಗೆಯಲ್ಲಿ ಅದರ ಕ್ರೆಡಿಟ್ ಸಿಗುತ್ತದೆ. ಈ ಒಂದು ವಿಷಯ ಅಂಗಡಿಯವರಿಗೆ ಅರ್ಥ ಮಾಡಿಸಿದ ಮೇಲೆ ಅರ್ಧ ಜಗಳ ಮುಗಿಯಿತು.

ಎರಡನೆಯದು ಕುಂಬಳೆ ಕಡೆ, ಹೆದ್ದಾರಿ ಬದಿಯ ಅಂಗಡಿ ಕೋಣೆ. ಲಾರಿ ನಿಲ್ಲುತ್ತದೆ, ಬೋರ್ಡು ಎಲ್ಲರಿಗೂ ಕಾಣುತ್ತದೆ, ಕರೆಂಟು ಮೊದಲೇ ಕಮರ್ಷಿಯಲ್ ದರದ್ದು. ಅಡ್ವಾನ್ಸು ಐವತ್ತು ಸಾವಿರದ ಹತ್ತಿರ, ಬಾಡಿಗೆ ಆರು ಸಾವಿರ ಚಿಲ್ಲರೆ. ಕೇರಳದ ಜಿಎಸ್‌ಟಿ ನಂಬರ್ ಅಲ್ಲಿಗೇ ಆಯಿತು. ಪ್ಯಾಕಿಂಗ್ ಅಲ್ಲಿಯೇ ಎಂದು ಎಫ್‌ಎಸ್‌ಎಸ್‌ಎಐ ಆಹಾರ ಲೈಸೆನ್ಸು ಕೂಡ ಅದೇ ವಿಳಾಸಕ್ಕೆ ಮಾಡಿಸಿದೆವು. ಆಮೇಲೆ ಹೆದ್ದಾರಿ 66 ಆರು ಪಥ ಆಗುವ ಕೆಲಸ ನಮ್ಮ ಎದುರಿಗೆ ಬಂತು. ರಸ್ತೆ ಎತ್ತರ ಆಯಿತು, ನಾವು ಸರ್ವಿಸ್ ರಸ್ತೆಯ ಪಾಲಾದೆವು. ಆಚೆ ಬದಿಯವನು ಈಚೆ ಬರಬೇಕಾದರೆ ಎಲ್ಲೋ ಹೋಗಿ ತಿರುಗಿ ಬರಬೇಕು. ಲಾರಿ ನಿಲ್ಲಿಸಿದರೆ ಹಿಂದಿನವರ ಹಾರ್ನು. ಅದರ ಮೇಲೆ ಕಟ್ಟಡದವರು ಬಾಡಿಗೆ ಏರಿಸಿದರು. ಬಿಟ್ಟೆವು.

ಹೆಚ್ಚು ನಷ್ಟ ಆದದ್ದು ಬಾಡಿಗೆಯಲ್ಲಿ ಅಲ್ಲ, ಪೌಚಿನಲ್ಲಿ. ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಎಲ್ಲ ಪೌಚಿನ ಮೇಲೆಯೇ ಪ್ರಿಂಟ್ ಮಾಡಿಸಿದ್ದೆವು. ಪ್ರಿಂಟಿಂಗ್ ಸಿಲಿಂಡರಿನ ಖರ್ಚು ಬೇರೆ, ಕನಿಷ್ಠ ಆರ್ಡರು ಬೇರೆ. ವಿಳಾಸ ಬದಲಾದ ದಿನ ಗೋಣಿಗಟ್ಟಲೆ ಪೌಚು ಉಳಿದಿತ್ತು. ನೆನಪಿನಲ್ಲಿ ಹೇಳುವುದಾದರೆ ಇಪ್ಪತ್ತೆರಡು ಸಾವಿರದ ಮಾಲು. "ಹಳೆಯ ವಿಳಾಸದ ಮೇಲೆ ಸ್ಟಿಕರು ಅಂಟಿಸಿ ದಾಟಿಸುವಾ" ಎಂದ ಭಾವ. ಆಡಿಟರು ಬೇಡವೇ ಬೇಡ ಎಂದರು. ಕೊನೆಗೆ ಅದರಲ್ಲಿ ಅಮ್ಮ ಕಾಳುಮೆಣಸು ತುಂಬಿಸಿ ಇಟ್ಟಿದ್ದಾರೆ, ಈಗಲೂ ಇದೆ. ಅಂದಿನಿಂದ ಪೌಚಿನಲ್ಲಿ ಹೆಸರು ಮತ್ತು ಚಿತ್ರ ಮಾತ್ರ. ವಿಳಾಸದ್ದೆಲ್ಲ ಹಿಂಬದಿಯ ಲೇಬಲಿನಲ್ಲಿ. ಲೇಬಲ್ ಐನೂರು ಬೇಕಾದರೂ ಪ್ರಿಂಟ್ ಮಾಡಿಸಬಹುದು.

ಅಷ್ಟಾದ ಮೇಲೆ ನಾನು ಹೇಳಿದೆ: ಗಾಣ ಇರುವ ಕೊಟ್ಟಿಗೆಯೇ ವಿಳಾಸ. ಕಂಪೆನಿಗೂ ಅದೇ, ಜಿಎಸ್‌ಟಿಗೂ ಅದೇ, ಆಹಾರ ಲೈಸೆನ್ಸಿಗೂ ಬ್ಯಾಂಕಿಗೂ ಅದೇ. ಭಾವನಿಗೆ ಸಿಟ್ಟು ಬಂತು. ಆಡಿಟರು ನಕ್ಕರು. "ಆ ಗುಡ್ಡೆಗೆ ಯಾವ ಅಧಿಕಾರಿ ಬರ್ತಾರೆ?" ಎಂದರು. ಬಾರದಿದ್ದರೆ ಒಳ್ಳೆಯದೇ ಅಲ್ವಾ! ಆದರೆ ಬಂದರು. ಬಂದವರಿಗೆ ಗಾಣ ತಿರುಗುವುದು ಕಾಣಿಸಿತು, ಕೊಬ್ಬರಿ ರಾಶಿ ಕಾಣಿಸಿತು, ಎಣ್ಣೆಯ ಪರಿಮಳ ಬಂತು. ಮೂರನೇ ಮಾಳಿಗೆಯ ಮೇಜಿಗೆ ಕೇಳಿದ ಒಂದು ಪ್ರಶ್ನೆಯೂ ಇಲ್ಲಿ ಬರಲಿಲ್ಲ. ಮತ್ತೆ, ಮನೆಯಲ್ಲಿ ಅಮ್ಮ ಇಡೀ ದಿನ ಇರುತ್ತಾರೆ. ರಿಜಿಸ್ಟರ್ ಪೋಸ್ಟು ಒಂದೂ ತಪ್ಪಿಲ್ಲ. ನೋಟಿಸು ಕೈಗೆ ಬರುವುದು ಎಷ್ಟು ದೊಡ್ಡ ವಿಷಯ ಎಂದು ನೋಟಿಸು ತಪ್ಪಿಸಿಕೊಂಡವರನ್ನು ಕೇಳಿ.

ಕಾಗದ ಹೊಂದಿಸುವುದು ಮಾತ್ರ ಸುಲಭ ಇರಲಿಲ್ಲ. ಕರೆಂಟು ಬಿಲ್ಲು ತೀರಿಹೋದ ಅಜ್ಜನ ಹೆಸರಲ್ಲಿ. ಪಾಲು ಪಟ್ಟಿ ಆಗಿ ಜಾಗ ಅಮ್ಮನಿಗೆ ಬಂದಿದೆ, ಬಿಲ್ಲು ಯಾರೂ ಬದಲಿಸಿಲ್ಲ. ಕೊಟ್ಟಿಗೆಗೆ ಪಂಚಾಯತಿನ ಕಟ್ಟಡ ನಂಬರೇ ಇಲ್ಲ. ಮೊದಲು ನಂಬರ್ ಮಾಡಿಸಿ ತೆರಿಗೆ ಕಟ್ಟಿದೆವು. ಆಮೇಲೆ ಒಡೆತನದ ಸರ್ಟಿಫಿಕೇಟು, ಆಮೇಲೆ ಕರೆಂಟಿನ ಹೆಸರು ಬದಲಾವಣೆ, ಕೊನೆಗೆ ಜಾಗ ಬಳಸಲು ಅಮ್ಮನ ಒಪ್ಪಿಗೆ ಪತ್ರ. ಈ ಸಾಲು ತಪ್ಪಿದರೆ ಒಂದೊಂದು ಕಡೆಯೂ ವಾಪಸ್ ಕಳಿಸುತ್ತಾರೆ. ಕಂಪೆನಿ ರಿಜಿಸ್ಟ್ರೇಷನ್ನಿಗೆ ಕೊಡುವ ಕರೆಂಟು ಬಿಲ್ಲು ಎರಡು ತಿಂಗಳಿಗಿಂತ ಹಳೆಯದು ಆಗಬಾರದು. ಆದ್ದರಿಂದ ಬಿಲ್ಲು ಬಂದ ವಾರವೇ ಅರ್ಜಿ ಹಾಕಿ. ಕೊಟ್ಟಿಗೆ ನಂಬರ್ ಬೇಗ ಆಗಲು ಅರ್ಜಿಯ ಜೊತೆ ನಾನು ಒಂದು ಕಾಗದ ಇಟ್ಟಿದ್ದೆ. ಅದು ಎಂಥದ್ದು ಎಂದು ಇಲ್ಲಿ ಬರೆಯುವುದಿಲ್ಲ, ಮನೆಗೆ ಬನ್ನಿ, ಚಹಾ ಕುಡಿಯುತ್ತಾ ಹೇಳುತ್ತೇನೆ. ಪಂಚಾಯತಿಗೆ ಅರ್ಜಿ ಕನ್ನಡದಲ್ಲಿಯೇ ಬರೆದೆ. ಕೇರಳದ ಭಾಷಾ ಕಾನೂನಿನಲ್ಲಿ ನಮ್ಮ ಕಡೆಯ ಕನ್ನಡದವರಿಗೆ ಆ ಹಕ್ಕಿದೆ. ಹೆದರಬೇಡಿ.

ಕಾಗದಗಳಲ್ಲಿ ವಿಳಾಸ ಒಂದಕ್ಕೊಂದು ತಾಳೆ ಆಗುವುದೇ ನಮ್ಮ ಊರಿನಲ್ಲಿ ದೊಡ್ಡ ತಲೆನೋವು. ಪೇಟೆ ಪೆರ್ಲ, ಪಂಚಾಯತು ಎಣ್ಮಕಜೆ, ಗ್ರಾಮ ಇನ್ನೊಂದು. ಹಳೆಯ ದಸ್ತಾವೇಜಿನಲ್ಲಿ ಕಾಸರಗೋಡು ತಾಲೂಕು, ಹೊಸದರಲ್ಲಿ ಮಂಜೇಶ್ವರ ತಾಲೂಕು. ಇಂಗ್ಲಿಷಿನಲ್ಲಿ ಕಾಸರಗೋಡು ಬರೆಯುವಾಗ ಒಂದು ಕಡೆ ಒಂದು ಅಕ್ಷರ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ವಾರ್ಡು ವಿಂಗಡಣೆ ಆದರೆ ಕಟ್ಟಡ ನಂಬರೂ ಬದಲಾಗುತ್ತದೆ. ನಾನು ಮಾಡಿದ್ದು ಇಷ್ಟೇ: ತೆರಿಗೆ ರಶೀದಿಯಲ್ಲಿ ಹೇಗಿದೆಯೋ ಅದನ್ನು ಫೋನಿನಲ್ಲಿ ಟೈಪ್ ಮಾಡಿ ಇಟ್ಟುಕೊಂಡೆ. ಪ್ಯಾನಿಗೂ ಬ್ಯಾಂಕಿಗೂ ಸಣ್ಣ ಉದ್ದಿಮೆಗಳ ಉದ್ಯಮ್ ರಿಜಿಸ್ಟ್ರೇಷನ್ನಿಗೂ ಅದನ್ನೇ ಅಂಟಿಸಿದ್ದು. ಕೈಯಲ್ಲಿ ಟೈಪ್ ಮಾಡಲು ಯಾರಿಗೂ ಬಿಡಲಿಲ್ಲ, ಆಡಿಟರ ಆಫೀಸಿನ ಹುಡುಗಿಗೂ ಬಿಡಲಿಲ್ಲ.

ಬೋರ್ಡಿನ ವಿಷಯ. ಕಂಪೆನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೊರಗೆ ಕಂಪೆನಿಯ ಹೆಸರು, ವಿಳಾಸ ಇರಬೇಕು, ಅದೂ ಆ ಜಾಗದಲ್ಲಿ ಬಳಕೆಯಲ್ಲಿರುವ ಭಾಷೆಗಳಲ್ಲಿ ಒಂದರ ಲಿಪಿಯಲ್ಲಿ. ತಪ್ಪಿದರೆ ದಿನಕ್ಕೆ 1000 ರೂಪಾಯಿ, ಒಂದು ಲಕ್ಷದವರೆಗೆ. ನಮ್ಮಲ್ಲಿ ಕನ್ನಡ ಬಳಕೆಯಲ್ಲಿಲ್ಲ ಎಂದು ಯಾರು ಹೇಳುತ್ತಾರೆ? ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆಸಿದೆ. ಫ್ಲೆಕ್ಸ್ ಬೇಡ, ನಮ್ಮ ಮಳೆಗೆ ಎರಡು ವರ್ಷ ಬರುವುದಿಲ್ಲ. ತಗಡಿಗೆ ಬಣ್ಣ, ಎರಡು ಸಾವಿರ ಚಿಲ್ಲರೆ. ಜಿಎಸ್‌ಟಿ ನಂಬರನ್ನೂ ಅದರಲ್ಲೇ ಸೇರಿಸಿ.

ಇನ್ನು ಪಾರ್ಸೆಲು. ಕೊರಿಯರಿನವರು ಗುಡ್ಡೆ ಹತ್ತುವುದಿಲ್ಲ, ಇದು ಮಾತ್ರ ಎಲ್ಲರೂ ಹೇಳಿದ್ದು ಸರಿ. ಅದಕ್ಕೆ ಪೇಟೆಯಲ್ಲಿ, ಚೆರ್ಕಳ–ಕಲ್ಲಡ್ಕ ರಸ್ತೆ ಬದಿಯಲ್ಲಿ, ಒಂದು ಸಣ್ಣ ಕೋಣೆ ಹಿಡಿದೆ. ಬಾಡಿಗೆ ಎರಡು ಸಾವಿರದ ಒಳಗೆ. ಎಷ್ಟು ಕಡಿಮೆ, ಹೇಗೆ ಸಿಕ್ಕಿತು ಎಂಬುದು ನನ್ನ ಮತ್ತು ಕಟ್ಟಡದವರ ಮಧ್ಯೆ ಇರಲಿ. ಜಿಎಸ್‌ಟಿಯಲ್ಲಿ ಅದನ್ನು ಹೆಚ್ಚುವರಿ ಸ್ಥಳ ಎಂದು ಸೇರಿಸಿದ್ದೇನೆ. ಕೋಣೆ ನಾಳೆ ಬಿಟ್ಟರೂ ಕಂಪೆನಿ ವಿಳಾಸ ಅಲ್ಲಾಡುವುದಿಲ್ಲ, ಲೇಬಲ್ ಬದಲಾಗುವುದಿಲ್ಲ. ಕಾಗದಕ್ಕೆ ಗುಡ್ಡೆ, ಪಾರ್ಸೆಲಿಗೆ ಪೇಟೆ.

ನಡುವೆ ಕೆಲವು ಪ್ರಯೋಗ ಮಾಡಿದೆ. 2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ಬಿಟ್ಟಿತಲ್ಲ, ಸುಮಾರು ನಾಲ್ಕು ಮೀಟರ್ ಚೌಕಕ್ಕೊಂದು ಹತ್ತು ಅಕ್ಷರದ ನಂಬರ್. ಅದನ್ನು ಬರೆದು ನನಗೆ ನಾನೇ ಪಾರ್ಸೆಲ್ ಕಳಿಸಿಕೊಂಡೆ. ತಂದ ಹುಡುಗ ಅದನ್ನು ನೋಡಲೇ ಇಲ್ಲ, "ಎಲ್ಲಿ ಬರಬೇಕು" ಎಂದು ಫೋನ್ ಮಾಡಿದ. ಮನೆ ಹೆಸರಿನ ಬದಲು ಹತ್ತಿರದ ಭಜನಾ ಮಂದಿರದ ಹೆಸರು ಬರೆದ ಪೆಟ್ಟಿಗೆ ಫೋನ್ ಇಲ್ಲದೆ ಬಂತು. ಗೂಗಲ್ ಮ್ಯಾಪಿಗೆ ವಿಡಿಯೊ ಕೊಡಬೇಕು, ರಸ್ತೆ, ಬೋರ್ಡು, ಬಾಗಿಲು ತೆರೆಯುವುದು ಎಲ್ಲ ಒಂದೇ ಓಟದಲ್ಲಿ. ನಮ್ಮ ಕೊಟ್ಟಿಗೆ ಹತ್ತಿರ ರೇಂಜ್ ಇಲ್ಲ. ವಿಡಿಯೊ ಅರ್ಧದಲ್ಲಿ ನಿಂತು ನಿಂತು ಸಾಕಾಯಿತು. ಕೊನೆಗೆ ಪಕ್ಕದ ಮನೆಯವರ ವೈಫೈಯನ್ನು ಉದ್ದ ವಯರು ಎಳೆದು ತಂದು ಮಾಡಿದೆ.

ಲೇಬಲಿನ ಪ್ರಯೋಗ ಭಾವನದ್ದು. ಒಂದು ಕಂತಿಗೆ "ಮಾರಾಟಗಾರರು" ಎಂದು ಮಂಗಳೂರಿನ ಒಂದು ಅಂಗಡಿಯ ವಿಳಾಸ ದೊಡ್ಡದಾಗಿ ಹಾಕಿಸಿದ, ಪೆರ್ಲದ್ದು ಕೆಳಗೆ ಸಣ್ಣದಾಗಿ. ತಯಾರಕರ ವಿಳಾಸ ಬಿಡುವ ಹಾಗಿಲ್ಲ, ಅದು ಕಾನೂನು. ಇನ್ನೊಂದು ಕಂತಿಗೆ ಬರೀ ಪೆರ್ಲ, ಕಾಸರಗೋಡು, ಕೇರಳ, ಪಿನ್ 671552. ಬೆಂಗಳೂರಿನಲ್ಲಿ ಎರಡನೆಯದೇ ಮೊದಲು ಖಾಲಿ ಆಯಿತು. ತೆಂಗಿನೆಣ್ಣೆಗೆ ಕೇರಳದ ಹೆಸರು ಇರುವುದು ಅಲ್ಲಿನವರಿಗೆ ಒಂದು ನಂಬಿಕೆ! ಮಂಗಳೂರು ವಿಳಾಸ ಬೇಕು ಎಂದು ಹಟ ಹಿಡಿದಿದ್ದ ಭಾವ ಅಂದಿನಿಂದ ಆ ಮಾತೆತ್ತಿಲ್ಲ. ನಾನೂ ಅವನಿಗೆ ನೆನಪಿಸುವುದಿಲ್ಲ, ವಾರಕ್ಕೊಮ್ಮೆ ಬಿಟ್ಟು.

ಖರ್ಚಿನ ಲೆಕ್ಕ ಕೇಳುತ್ತೀರಿ. ಮಂಗಳೂರು ಮತ್ತು ಕುಂಬಳೆಯಲ್ಲಿ ಹೋದದ್ದು ಪೌಚು ಸೇರಿ ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ, ಅಡ್ವಾನ್ಸಿನಲ್ಲಿ ವಾಪಸ್ ಬಂದದ್ದು ಬಿಟ್ಟು. ಕೊಟ್ಟಿಗೆಯ ನಂಬರ್, ತೆರಿಗೆ, ಕರೆಂಟು, ಬೋರ್ಡು, ಆಡಿಟರ ಫೀಸು ಎಲ್ಲ ಸೇರಿ ಮೂವತ್ತು ಸಾವಿರದ ಒಳಗೆ ಮುಗಿದಿದೆ. ಮೊದಲೇ ಕಂಪೆನಿಯನ್ನು ಮಂಗಳೂರಿನಲ್ಲಿ ಮಾಡಿ ಆಮೇಲೆ ಕೇರಳಕ್ಕೆ ತರುವುದಾಗಿದ್ದರೆ ಇನ್ನೂ ಕಷ್ಟ. ರಾಜ್ಯ ಬದಲಿಸಲು ಕೇಂದ್ರ ಸರಕಾರದ ರೀಜನಲ್ ಡೈರೆಕ್ಟರ ಒಪ್ಪಿಗೆ, ಪತ್ರಿಕೆಯಲ್ಲಿ ಜಾಹೀರಾತು ಎಲ್ಲ ಬೇಕು. ಒಬ್ಬರು ಹಾಗೆ ಮಾಡಿ ಈಗ ಓಡಾಡುತ್ತಿದ್ದಾರೆ.

ಭಾವ ಈಗ ಬೆಂಗಳೂರಿನಲ್ಲಿ ಒಂದು ಗೋಡೌನು ನೋಡಿದ್ದಾನೆ. ಅಲ್ಲಿ ಸ್ಟಾಕ್ ಇಟ್ಟು ಅಲ್ಲಿಂದಲೇ ಮಾರುವುದಾದರೆ 29ರ ನಂಬರ್ ನಿಜವಾಗಿ ಬೇಕಾಗುತ್ತದೆ. ಕರೆಂಟು ಬಿಲ್ಲು ಯಾರ ಹೆಸರಲ್ಲಿದೆ ಎಂದು ಮೊದಲು ಕೇಳಿಕೊಂಡು ಬಾ ಎಂದಿದ್ದೇನೆ.